ಯೆಲ್ಲೋಸ್ಟೋನಿನ ಸ್ಫೋಟದ ಕುಳಿಗಳು: ನಿಗಾ ಸೇವೆ ಎಷ್ಟು ಉಪಯೋಗ, ನೋಡುವ ದಾರಿ ಎಷ್ಟು ಸಲೀಸು?

2024ರ ಜುಲೈ 23ರ ಬೆಳಗ್ಗೆ ಹತ್ತಕ್ಕೆ ಕೆಲವು ನಿಮಿಷ ಇರುವಾಗ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸ್ಕಿಟ್ ಬೇಸಿನ್ ಎಂಬ ಬಿಸಿನೀರಿನ ಬುಗ್ಗೆಗಳ ಬಯಲಿನಲ್ಲಿ ಬ್ಲಾಕ್ ಡೈಮಂಡ್ ಪೂಲ್ ಎಂಬ ಬಿಸಿನೀರಿನ ಕೊಳ ಸಿಡಿಯಿತು. ಕಪ್ಪು ಕೆಸರು, ಕಲ್ಲು, ಹಬೆ 120ರಿಂದ 180 ಮೀಟರ್ ಎತ್ತರಕ್ಕೆ ಎದ್ದವು. ಹಲಗೆದಾರಿಯ ಮೇಲಿದ್ದ ಜನ ಓಡಿದರು, ಯಾರಿಗೂ ಗಾಯವಾಗಲಿಲ್ಲ. ಆ ಕ್ಷಣಕ್ಕೆ ಯೆಲ್ಲೋಸ್ಟೋನ್ ಜ್ವಾಲಾಮುಖಿಯ ಅಧಿಕೃತ ಎಚ್ಚರಿಕೆ ಮಟ್ಟ ‘ಸಾಮಾನ್ಯ’, ಬಣ್ಣ ಹಸಿರು. ಸ್ಫೋಟವಾದ ಮೇಲೂ ಅದು ಹಸಿರಾಗಿಯೇ ಉಳಿಯಿತು.

ಯೆಲ್ಲೋಸ್ಟೋನಿನ ನಿಗಾ ಸೇವೆಯನ್ನು ಬಳಸುವವರು ಮೊದಲು ಅರಗಿಸಿಕೊಳ್ಳಬೇಕಾದ ಮಾತು ಇದೇ. ಯೆಲ್ಲೋಸ್ಟೋನ್ ವಾಲ್ಕೆನೋ ಅಬ್ಸರ್ವೇಟರಿ (ಜ್ವಾಲಾಮುಖಿ ವೀಕ್ಷಣಾಲಯ) 2001ರಿಂದ ನಡೆಸುತ್ತಿರುವ ನಿಗಾ ವ್ಯವಸ್ಥೆ ಅಳೆಯುವುದು ಒಂದು, ಪ್ರವಾಸಿಗರು ಅದರಿಂದ ನಿರೀಕ್ಷಿಸುವುದು ಇನ್ನೊಂದು. ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳು ಶಿಲಾಪಾಕ (ನೆಲದಾಳದ ಕರಗಿದ ಬಂಡೆ) ಮೇಲೇಳುತ್ತಿದೆಯೇ ಎಂಬುದಕ್ಕೆ ಸಂಬಂಧಪಟ್ಟವು. ಬಿಸಿನೀರಿನ ಸ್ಫೋಟಕ್ಕೆ ಶಿಲಾಪಾಕ ಅಲುಗಾಡಬೇಕಿಲ್ಲ. ಹಸಿರು ಎಂದರೆ ‘ಇವತ್ತು ಯಾವ ಕೊಳವೂ ಸಿಡಿಯುವುದಿಲ್ಲ’ ಎಂದು ಓದಿಕೊಂಡರೆ ತಪ್ಪು ಓದುಗನದು. ಆದರೆ ಆ ತಪ್ಪು ಆಗದಂತೆ ಬಣ್ಣದ ಪಕ್ಕದಲ್ಲೇ ಒಂದು ಸಾಲು ಹೇಳಿದ್ದರೆ ಚೆನ್ನಾಗಿತ್ತು.

ಸ್ಫೋಟ ಹೇಗೆ ಆಗುತ್ತದೆ ಎಂಬುದು ಗೊತ್ತಿದ್ದರೆ ಈ ಸೇವೆಯ ಮಿತಿಯೂ ಅರ್ಥವಾಗುತ್ತದೆ. ಯೆಲ್ಲೋಸ್ಟೋನಿನ ಬಹುಪಾಲು ಬುಗ್ಗೆಗಳು ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿವೆ. ಅಲ್ಲಿ ನೀರು ಕುದಿಯುವುದು ಸುಮಾರು 93 ಡಿಗ್ರಿ ಸೆಲ್ಸಿಯಸ್‌ಗೆ. ಆಳಕ್ಕೆ ಹೋದಂತೆ ಮೇಲಿನ ನೀರಿನ ಭಾರ ಹೆಚ್ಚುವುದರಿಂದ ಕುದಿಬಿಂದುವೂ ಏರುತ್ತದೆ. 150 ಮೀಟರಿಗೆ ತುಸು ಹೆಚ್ಚು ಆಳದಲ್ಲಿ 200 ಡಿಗ್ರಿಯ ನೀರು ಕುದಿಯದೆ ನೀರಾಗಿಯೇ ಇರಬಲ್ಲದು. ಇದು ಬರೀ ಕಾಗದದ ಲೆಕ್ಕವಲ್ಲ: 1967-68ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಇಲ್ಲಿ 13 ಕೊಳವೆಗಳನ್ನು ಕೊರೆದಾಗ, ಉದ್ಯಾನದ ಇನ್ನೊಂದು ಬುಗ್ಗೆಗಳ ಬಯಲಾದ ನಾರಿಸ್ ಬೇಸಿನ್‌ನ ಕೊಳವೆಯಲ್ಲಿ 332 ಮೀಟರ್ ಆಳಕ್ಕೇ 237 ಡಿಗ್ರಿಗೂ ಮೀರಿದ ಬಿಸಿ ಸಿಕ್ಕಿತು.

ಈ ನೀರಿನ ಮೇಲಿನ ಒತ್ತಡ ಇದ್ದಕ್ಕಿದ್ದಂತೆ ಇಳಿಯಿತು ಎಂದುಕೊಳ್ಳಿ. 200 ಡಿಗ್ರಿಯ ಒಂದು ಕಿಲೋ ನೀರು 93 ಡಿಗ್ರಿಯ ಕುದಿಸ್ಥಿತಿಗೆ ಜಾರಿದರೆ ಅದರ ಐದನೇ ಒಂದು ಭಾಗ ತಕ್ಷಣ ಹಬೆಯಾಗುತ್ತದೆ. ಒಂದು ಲೀಟರಿಗಿಂತ ಸ್ವಲ್ಪವೇ ಹೆಚ್ಚು ಜಾಗದಲ್ಲಿದ್ದದ್ದು 400 ಲೀಟರ್ ದಾಟಿ ಹಿಗ್ಗುತ್ತದೆ. ಸುತ್ತಲಿನ ಬಂಡೆಯ ಸಂದುಗಳಲ್ಲೆಲ್ಲ ಇದೇ ನೀರು ತುಂಬಿರುವುದರಿಂದ ಬಂಡೆ ಒಳಗಿನಿಂದಲೇ ಚೂರಾಗುತ್ತದೆ. ಮೇಲಿನ ಪದರ ಹಾರಿಹೋದೊಡನೆ ಅದರ ಕೆಳಗಿನ ನೀರಿನ ಮೇಲಿದ್ದ ಭಾರವೂ ಕಳೆಯುತ್ತದೆ, ಅದೂ ಕುದಿಯುತ್ತದೆ. ಹೀಗೆ ಸ್ಫೋಟ ಮೇಲಿನಿಂದ ಕೆಳಕ್ಕೆ ತೋಡಿಕೊಂಡು ಹೋಗುತ್ತದೆ. ಗೀಸರ್ (ಆಗಾಗ ಚಿಮ್ಮುವ ಬಿಸಿನೀರಿನ ಬುಗ್ಗೆ) ಚಿಮ್ಮುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಗೀಸರ್ ತನ್ನ ಕೊಳವೆ ಉಳಿಸಿಕೊಂಡು ನೀರು ಚೆಲ್ಲುತ್ತದೆ, ಇದು ಕೊಳವೆಯನ್ನೇ ಒಡೆದು ಎಸೆಯುತ್ತದೆ.

ಒತ್ತಡ ಇಳಿಸುವ ಅಥವಾ ಮುಚ್ಚಳ ಒಡೆಯುವ ಕಾರಣ ಬಹಳ ಸಣ್ಣದಿರಬಹುದು. ಬಿಸಿನೀರು ತಣಿಯುವಾಗ ಬಿಟ್ಟುಹೋಗುವ ಸಿಲಿಕಾ ವರ್ಷಗಟ್ಟಲೆ ಸಂದುಗಳನ್ನು ಮುಚ್ಚುತ್ತ ಬರುತ್ತದೆ. ನಾರಿಸ್‌ನ ಪೋರ್ಕ್‌ಚಾಪ್ ಗೀಸರ್‌ನ ಬಾಯಿ ಹೀಗೇ ಕಿರಿದಾಗಿತ್ತು. 1989ರ ಸೆಪ್ಟೆಂಬರ್ 5ರಂದು ಅದು ಸಿಡಿದು 60 ಮೀಟರಿಗೂ ದೂರಕ್ಕೆ ಕಲ್ಲು ಎಸೆಯಿತು. ಭೂಕಂಪ, ಸರೋವರದ ಮಟ್ಟ ಇಳಿಯುವುದು, ಭೂಕುಸಿತ ಕೂಡ ಇದೇ ಕೆಲಸ ಮಾಡಬಲ್ಲವು. 1959ರ ಆಗಸ್ಟ್ 17ರ ಹೆಬ್ಗೆನ್ ಲೇಕ್ ಭೂಕಂಪದ (7.3 ತೀವ್ರತೆ) ನಂತರ ಬಿಸ್ಕಿಟ್ ಬೇಸಿನ್‌ನ ಸಫೈರ್ ಪೂಲ್ ಎಷ್ಟು ಜೋರಾಗಿ ಉಕ್ಕಿತೆಂದರೆ, ಆ ಜಾಗಕ್ಕೆ ಹೆಸರು ತಂದುಕೊಟ್ಟ ಬಿಸ್ಕತ್ತಿನಂಥ ಸಿಲಿಕಾ ಉಂಡೆಗಳನ್ನೇ ಕಿತ್ತು ಒಯ್ದಿತು. ಹೆಸರು ಉಳಿಯಿತು, ಬಿಸ್ಕತ್ತು ಹೋಯಿತು.

ಕುದಿಬಿಂದುವಿನ ಅಂಚಿನಲ್ಲೇ ವರ್ಷವಿಡೀ ನಿಂತಿರುವ ನೀರು ಯಾವ ದಿನ ಆಚೆಗೆ ಜಾರುತ್ತದೆ ಎಂದು ಹೇಳುವ ಉಪಕರಣ ಇಲ್ಲ. ಉಷ್ಣಮಾಪಕಗಳು ಇರುವುದು ನೀರು ಹರಿದುಬರುವ ಕಾಲುವೆಯಲ್ಲಿ, ಹತ್ತಾರು ಮೀಟರ್ ಕೆಳಗಿನ ಸಂದಿನಲ್ಲಲ್ಲ. ಜಿಪಿಎಸ್ ಕೇಂದ್ರಗಳು ನೆಲ ಉಬ್ಬುವುದನ್ನು ಕರಾರುವಾಕ್ಕಾಗಿ ಅಳೆಯುತ್ತವೆ, ಆದರೆ ಅವು ಹಿಡಿಯುವುದು ಕಿಲೋಮೀಟರುಗಳ ಆಳದ ಬದಲಾವಣೆ. ಬ್ಲಾಕ್ ಡೈಮಂಡ್‌ನ ಸ್ಫೋಟ ಹುಟ್ಟಿದ್ದು ಹೆಚ್ಚೆಂದರೆ 53 ಮೀಟರ್ ಆಳದಲ್ಲಿ ಎಂಬುದು ಹೊರಬಿದ್ದ ಕಲ್ಲುಗಳಿಂದ ಗೊತ್ತಾಯಿತು. ಬಂದವೆಲ್ಲ ಹಿಮನದಿ ಕಾಲದ ಮರಳು-ಜಲ್ಲಿ ಗಟ್ಟಿಯಾದ ಪದರದವು. ಆ ಪದರದ ಕೆಳಗೆ ರಯೋಲೈಟ್ ಎಂಬ ಜ್ವಾಲಾಮುಖಿ ಬಂಡೆ ಎಲ್ಲಿ ಶುರುವಾಗುತ್ತದೆ ಎಂಬುದು ಅರುವತ್ತರ ದಶಕದ ಕೊಳವೆಯಿಂದ ಮೊದಲೇ ತಿಳಿದಿತ್ತು. ಇಷ್ಟು ಮೇಲಿನ ಘಟನೆ ದೊಡ್ಡ ಜಾಲದ ಕಣ್ಣಿಗೆ ಮೊದಲೇ ಬೀಳುವುದಿಲ್ಲ.

ಹಾಗಾದರೆ ಸೇವೆ ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ದಾಖಲೆಯ ಸೇವೆಯಾಗಿ ಇದು ತುಂಬ ಒಳ್ಳೆಯದು, ಕಳೆದ ಕೆಲವು ವರ್ಷಗಳಲ್ಲಿ ಇನ್ನೂ ಚುರುಕಾಗಿದೆ. ದೊಡ್ಡ ಸುಧಾರಣೆ ಎಂದರೆ 2023ರ ಸೆಪ್ಟೆಂಬರಿನಲ್ಲಿ ನಾರಿಸ್‌ನಲ್ಲಿ ಹಾಕಿದ ಇನ್‌ಫ್ರಾಸೌಂಡ್ ವ್ಯೂಹ. ಕಿವಿಗೆ ಕೇಳದಷ್ಟು ತಗ್ಗಿನ ದನಿಯನ್ನು ಹಿಡಿಯುವ ಮೈಕ್‌ಗಳನ್ನು ದೂರ ದೂರ ಇಟ್ಟು, ಯಾವ ಮೈಕಿಗೆ ದನಿ ಮೊದಲು ತಲುಪಿತು ಎಂಬ ಸೆಕೆಂಡಿನ ಭಾಗದ ವ್ಯತ್ಯಾಸದಿಂದ ದಿಕ್ಕು ಕಂಡುಹಿಡಿಯುತ್ತಾರೆ. ಭೂಕಂಪಮಾಪಕ ಒಂದೇ ಇದ್ದರೆ ಗಾಳಿ, ವಾಹನ, ಪಕ್ಕದಲ್ಲಿ ನಡೆದುಹೋದ ಬೈಸನ್ ಎಲ್ಲವೂ ಒಂದೇ ತರಹ ಕಾಣುತ್ತವೆ. ನೆಲದ ಕಂಪನ ಮತ್ತು ಗಾಳಿಯ ಒತ್ತಡ ಎರಡೂ ಒಂದೇ ದಿಕ್ಕು ತೋರಿಸಿದರೆ ಮಾತ್ರ ಸ್ಫೋಟ ಎನ್ನಬಹುದು. ಈ ಜೋಡಿಯೇ 2024ರ ಏಪ್ರಿಲ್ 15ರ ಮಧ್ಯಾಹ್ನ 2:56ಕ್ಕೆ ನಾರಿಸ್‌ನ ಪೋರ್ಸಲೀನ್ ಟೆರೇಸ್‌ನಲ್ಲಾದ ಸಣ್ಣ ಸ್ಫೋಟವನ್ನು ಹಿಡಿಯಿತು. ಯೆಲ್ಲೋಸ್ಟೋನಿನಲ್ಲಿ ಉಪಕರಣದಿಂದ ಪತ್ತೆಯಾದ ಮೊದಲ ಬಿಸಿನೀರಿನ ಸ್ಫೋಟ ಅದು. ಕುಳಿಯ ಅಗಲ ಕೆಲವೇ ಮೀಟರ್. ಉಪಕರಣ ಇಲ್ಲದಿದ್ದರೆ ಯಾರಾದರೂ ಆ ಕಡೆ ಹೋದಾಗ ‘ಇದು ಯಾವಾಗ ಆಯಿತು’ ಎಂದು ತಲೆ ಕೆರೆದುಕೊಳ್ಳಬೇಕಿತ್ತು.

ಆದರೆ ಅದೇ ವ್ಯೂಹ ಪಕ್ಕದಲ್ಲೇ ಎಡವಿದ್ದೂ ಇದೆ, ಎಡವಿದ್ದು ಎನ್ನುವುದಕ್ಕಿಂತ ಮಿತಿ ತೋರಿಸಿತು ಎನ್ನುವುದು ಸರಿ. 2025ರ ಏಪ್ರಿಲಿನಲ್ಲಿ ಪೋರ್ಸಲೀನ್ ಬೇಸಿನ್‌ನಲ್ಲಿ ಸುಮಾರು 4 ಮೀಟರ್ ಅಗಲದ, ತಿಳಿನೀಲಿ ನೀರಿನ ಹೊಸ ಕೊಳವೊಂದು ಕಣ್ಣಿಗೆ ಬಿತ್ತು. ಉಪಗ್ರಹ ಚಿತ್ರಗಳನ್ನು ಹಿಂದಕ್ಕೆ ತಿರುವಿದಾಗ 2024ರ ಡಿಸೆಂಬರ್ ಮಧ್ಯದವರೆಗೆ ಅಲ್ಲಿ ಏನೂ ಇರಲಿಲ್ಲ, ಜನವರಿಯಲ್ಲಿ ಸಣ್ಣ ತಗ್ಗು, ಫೆಬ್ರವರಿ ಮಧ್ಯದ ಹೊತ್ತಿಗೆ ಕೊಳ. ದನಿಯ ದಾಖಲೆಯಲ್ಲಿ ಒಂದು ದೊಡ್ಡ ಸದ್ದು ಸಿಗಲಿಲ್ಲ, ಕೆಲವು ದುರ್ಬಲ ಗುರುತುಗಳಷ್ಟೇ. ಅಂದರೆ ಒಂದೇ ಏಟಿಗೆ ಸಿಡಿಯದೆ ಸಣ್ಣ ಸಣ್ಣ ಕಂತಿನಲ್ಲಿ ಕಲ್ಲು-ಕೆಸರು ಉಗುಳಿ ರೂಪುಗೊಂಡ ಕೊಳ ಅದು. ಮೂರು ದಾಖಲೆ ಜೋಡಿಸಿ ಈ ತೀರ್ಮಾನಕ್ಕೆ ಬಂದು, ಅದನ್ನು ಸರಳ ಭಾಷೆಯಲ್ಲಿ ಸಾರ್ವಜನಿಕರಿಗೆ ಬರೆದು ತಿಳಿಸಿದ ರೀತಿಗೆ ಪೂರ್ತಿ ಅಂಕ ಕೊಡಬೇಕು.

ಬಿಸ್ಕಿಟ್ ಬೇಸಿನ್‌ಗೆ ಮಾತ್ರ ಅಂಥ ಉಪಕರಣ ಸ್ಫೋಟಕ್ಕೆ ಮುಂಚೆ ಇರಲಿಲ್ಲ. ಅಲ್ಲಿ 2009ರಲ್ಲೂ 1991ರಲ್ಲೂ ಸಣ್ಣ ಸ್ಫೋಟಗಳಾಗಿದ್ದ ಇತಿಹಾಸ ಗೊತ್ತಿದ್ದೂ ಇಲ್ಲದಿದ್ದದ್ದು ಕೊರತೆಯೇ. ಕ್ಯಾಮೆರಾ ಮತ್ತು ನಿಗಾ ಉಪಕರಣ ಬಂದದ್ದು 2025ರಲ್ಲಿ. ಆ ಮೇಲೆ ಕೊಳ ಆಗಾಗ ಕೆಸರು ಚಿಮ್ಮಿಸುತ್ತಲೇ ಇದೆ ಎಂಬುದು ದಾಖಲಾಗುತ್ತಿದೆ.

ಮನೆಯಲ್ಲೇ ಕೂತು ಬಳಸುವವರಿಗೆ ಕೆಲವು ಮಾತು. ತಿಂಗಳ ಮೊದಲ ದಿನ ಬರುವ ವರದಿಯಲ್ಲಿ ಭೂಕಂಪಗಳ ಎಣಿಕೆ, ನೆಲದ ಏರಿಳಿತ, ಗೀಸರ್‌ಗಳ ಸುದ್ದಿ ಇರುತ್ತದೆ. ಐದು ನಿಮಿಷದ ಓದು, ಅದರಿಂದ ಶುರುಮಾಡಿ. ವಾರಕ್ಕೊಮ್ಮೆ ಬರುವ ಲೇಖನಗಳಲ್ಲಿ ಕುಳಿಗಳ ಬಗ್ಗೆ ಒಳ್ಳೆಯ ಸಾಮಗ್ರಿ ಸಿಗುತ್ತದೆ. ಯೂಟಾ ವಿಶ್ವವಿದ್ಯಾಲಯ ಪ್ರಕಟಿಸುವ ಭೂಕಂಪ ರೇಖೆಗಳನ್ನು ನೋಡುವಾಗ ಗಡಿಯಾರ ಯುಟಿಸಿಯೋ (ಜಾಗತಿಕ ಪ್ರಮಾಣ ಸಮಯ) ಸ್ಥಳೀಯವೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಉದ್ಯಾನದ ಸಮಯ ಬೇಸಿಗೆಯಲ್ಲಿ ಯುಟಿಸಿಗಿಂತ 6 ಗಂಟೆ ಹಿಂದೆ, ಚಳಿಗಾಲದಲ್ಲಿ 7 ಗಂಟೆ. ವರ್ಷಕ್ಕೆ 1,500ರಿಂದ 2,500 ಭೂಕಂಪ ಇಲ್ಲಿ ಮಾಮೂಲು. ಒಂದೇ ದಿನ ಮೂವತ್ತು ಗೆರೆ ಕಂಡಿತೆಂದು ಸಾಮಾಜಿಕ ಜಾಲತಾಣದಲ್ಲಿ ಗದ್ದಲ ಮಾಡುವವರ ಹಿಂದೆ ಹೋಗಬೇಡಿ. ನಾರಿಸ್‌ನ ಉಷ್ಣಮಾಪಕಗಳ ಗ್ರಾಫಿನಲ್ಲಿ ದಿಢೀರ್ ಏರಿಕೆ ಕಂಡರೆ ಬಹುತೇಕ ಅದು ಗೀಸರ್ ಚಿಮ್ಮಿ ಬಿಸಿನೀರು ಕಾಲುವೆಗೆ ಬಂದದ್ದು. ಹಗಲು-ರಾತ್ರಿಯ ಸಣ್ಣ ಅಲೆ ಗಾಳಿಯ ತಾಪಮಾನದ್ದು, ಮಧ್ಯೆ ಬೀಳುವ ಗುಂಡಿ ಮಳೆಯದ್ದು.

ಇನ್ನು ಸ್ಥಳದ ಮಾತು. ಕುಳಿ ನೋಡಲೆಂದೇ ಹೋಗುವವರಿಗೆ ಉದ್ಯಾನದ ದಾರಿಗಳು ಒಂದು ವಿಚಿತ್ರ ಅನುಭವ ಕೊಡುತ್ತವೆ: ಕುಳಿ ದೊಡ್ಡದಾದಷ್ಟೂ ಕಣ್ಣಿಗೆ ಬೀಳುವುದು ಕಷ್ಟ. ಜಗತ್ತಿನಲ್ಲಿ ದಾಖಲಾಗಿರುವ ಅತಿದೊಡ್ಡ ಬಿಸಿನೀರಿನ ಸ್ಫೋಟದ ಕುಳಿ ಯೆಲ್ಲೋಸ್ಟೋನ್ ಸರೋವರದ ಉತ್ತರ ಅಂಚಿನ ಮೇರಿ ಬೇ. ಸುಮಾರು 13,000 ವರ್ಷ ಹಿಂದಿನದು, ಅಡ್ಡಳತೆ ಎರಡೂವರೆ ಕಿಲೋಮೀಟರಿನಷ್ಟು. ಪೂರ್ವ ದ್ವಾರದ ರಸ್ತೆ ಅದರ ಅಂಚಿನಲ್ಲೇ ಸಾಗುತ್ತದೆ, ಕಾರಿನಲ್ಲಿ ಹೋಗುವವರು ‘ಸರೋವರದ ಒಂದು ಕೊಲ್ಲಿ’ ಎಂದುಕೊಂಡು ದಾಟಿಬಿಡುತ್ತಾರೆ. ಇಲ್ಲಿ ನಿಲ್ಲಿಸಿ ದಡದ ಬಾಗನ್ನು ಕಣ್ಣಲ್ಲೇ ಪೂರ್ತಿ ವೃತ್ತ ಮಾಡಿಕೊಂಡು ನೋಡಬೇಕು. ಆಗ ಗಾತ್ರ ಬಡಿಯುತ್ತದೆ. ಇದರ ಚೂರುಗಳ ಪದರದ ಕೆಳಗೆ ಅಲೆ ತಂದು ಹರಡಿದ ಮರಳಿನ ಪದರ ಸಿಕ್ಕಿದೆ. ಭೂಕಂಪದಿಂದ ಸರೋವರದಲ್ಲಿ ದೊಡ್ಡ ಅಲೆ ಎದ್ದು, ನೀರಿನ ಮಟ್ಟ ಇಳಿದು, ಒತ್ತಡ ಕಳೆದು ಸ್ಫೋಟವಾಗಿರಬಹುದು ಎಂಬ ವಿವರಣೆಗೆ ಆಧಾರ ಅದು.

ಮೊದಲ ಸಲ ನೋಡುವವರಿಗೆ ನಮ್ಮ ಆಯ್ಕೆ ಇಂಡಿಯನ್ ಪಾಂಡ್. ಫಿಶಿಂಗ್ ಬ್ರಿಜ್‌ನಿಂದ ಪೂರ್ವಕ್ಕೆ 5 ಕಿಲೋಮೀಟರ್, ರಸ್ತೆ ಪಕ್ಕದಲ್ಲೇ. ಸುಮಾರು 3,000 ವರ್ಷ ಹಳೆಯದು, ಅರ್ಧ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಅಗಲ, ದುಂಡಗಿನ ಆಕಾರ, ಸುತ್ತ ಏರಿದ ದಿಣ್ಣೆ. ಕುಳಿ ಎಂದರೆ ಹೀಗಿರಬೇಕು ಎಂದು ಪಾಠ ಮಾಡಲು ಇದಕ್ಕಿಂತ ಚೊಕ್ಕವಾದ ಮಾದರಿ ಇಲ್ಲ. ಸ್ಟಾರ್ಮ್ ಪಾಯಿಂಟ್‌ನ ಕಾಲುದಾರಿ ಇಲ್ಲಿಂದಲೇ ಹೊರಡುತ್ತದೆ, ಸುತ್ತು ನಾಲ್ಕು ಕಿಲೋಮೀಟರಿಗಿಂತ ಕಡಿಮೆ. ವಸಂತದ ಕೊನೆಯಲ್ಲಿ ಕರಡಿಗಳ ಕಾರಣಕ್ಕೆ ಮುಚ್ಚಿರುವುದುಂಟು, ಹೊರಡುವ ಮುನ್ನ ವಿಚಾರಿಸಿ. ಟರ್ಬಿಡ್ ಲೇಕ್ ಇನ್ನೂ ದೊಡ್ಡದು, ಒಂದೂವರೆ ಕಿಲೋಮೀಟರ್ ಮೀರಿದ ಕುಳಿ. ಆದರೆ ಅದು ಕರಡಿ ಪ್ರದೇಶದ ಒಳಗಿನ ನಡಿಗೆ. ಕುಳಿಯ ಹುಚ್ಚು ತೀರಾ ಹೆಚ್ಚಿದ್ದರೆ ಮಾತ್ರ. ಎಲಿಯಟ್ಸ್ ಕ್ರೇಟರ್ ಸರೋವರದ ತಳದಲ್ಲಿದೆ; ಸುಮಾರು 8,000 ವರ್ಷದ ಹಿಂದಿನ ಆ ಕುಳಿಯನ್ನು ನಕ್ಷೆಯಲ್ಲಷ್ಟೇ ನೋಡಬಹುದು.

ವೆಸ್ಟ್ ಥಂಬ್‌ನಲ್ಲಿ ಜನ ಗೊಂದಲ ಮಾಡಿಕೊಳ್ಳುವುದು ಸಹಜ. ಸರೋವರದ ಆ ಹೆಬ್ಬೆರಳಿನಂಥ ಕೊಲ್ಲಿ ಸ್ವತಃ ಸುಮಾರು 1,74,000 ವರ್ಷದ ಹಿಂದಿನ ಜ್ವಾಲಾಮುಖಿ ಸ್ಫೋಟದಲ್ಲಿ ಕುಸಿದ ನೆಲ, ಅಲ್ಲಿ ಹೊರಬಂದದ್ದು ಶಿಲಾಪಾಕ. ಅದರ ಪಕ್ಕದ ಪುಟ್ಟ ಡಕ್ ಲೇಕ್ ಬಿಸಿನೀರಿನ ಸ್ಫೋಟದ ಕುಳಿ, ಅಲ್ಲಿ ಹೊಸ ಶಿಲಾಪಾಕದ ಒಂದು ಚೂರೂ ಇಲ್ಲ. ಎರಡೂ ಒಂದೇ ನಿಲುಗಡೆಯಲ್ಲಿ ಸಿಗುವುದರಿಂದ ವ್ಯತ್ಯಾಸ ಕಲಿಯಲು ಇದು ಒಳ್ಳೆಯ ಜಾಗ.

ವ್ಯತ್ಯಾಸ ಗುರುತಿಸುವುದು ದಿಣ್ಣೆಯ ಕಲ್ಲುಗಳಿಂದ. ಕೋನ ಕೋನವಾಗಿ ಒಡೆದ ಚೂರುಗಳು, ಬಿಸಿನೀರು ಬೇಯಿಸಿ ಬಿಳಿ ಅಥವಾ ಬೂದು ಜೇಡಿಯಾಗಿಸಿದ ಬಂಡೆ, ಸಿಲಿಕಾ ಅಂಟಿ ಗಟ್ಟಿಯಾದ ಜಲ್ಲಿ. ಕೆಲವು ಕಲ್ಲುಗಳೊಳಗೆ ಹಿಂದೆ ಒಮ್ಮೆ ಒಡೆದು ಮತ್ತೆ ಬೆಸೆದುಕೊಂಡ ಚೂರುಗಳೇ ಕಾಣುತ್ತವೆ. ನೆಲದೊಳಗೆ ಒಡೆಯುವುದು-ಮುಚ್ಚುವುದು ಹಲವು ಸಲ ನಡೆದದ್ದರ ಗುರುತು. ಪ್ಯೂಮಿಸ್ (ನೊರೆಯಂಥ ಹಗುರ ಜ್ವಾಲಾಮುಖಿ ಕಲ್ಲು), ಹೊಸ ಗಾಜಿನಂಥ ಚೂರು ಇದ್ದರೆ ಕಥೆ ಬೇರೆ, ಅದು ಶಿಲಾಪಾಕದ ಕೆಲಸ. ಚೂರುಗಳು ಎಲ್ಲ ಕಡೆ ಸಮನಾಗಿ ಬಿದ್ದಿರಬೇಕೆಂದೂ ಇಲ್ಲ. ಬ್ಲಾಕ್ ಡೈಮಂಡ್ ತನ್ನ ಸಿಟ್ಟನ್ನೆಲ್ಲ ಹೆಚ್ಚಾಗಿ ಈಶಾನ್ಯಕ್ಕೆ, ಫೈರ್‌ಹೋಲ್ ನದಿಯ ಕಡೆಗೆ ತೀರಿಸಿಕೊಂಡಿತು. ಒಂದು ಮೀಟರ್ ಅಗಲದ ಬಂಡೆಗಳು ಬಿದ್ದದ್ದು ಆ ಕಡೆ. ಹಲಗೆದಾರಿ ಮುರಿದರೂ ಜನ ಬದುಕಿದ್ದರಲ್ಲಿ ಈ ದಿಕ್ಕಿನ ಪಾಲು ದೊಡ್ಡದು. ಕಲ್ಲನ್ನು ನೋಡಿ, ಚಿತ್ರ ತೆಗೆಯಿರಿ, ಜೇಬಿಗೆ ಹಾಕಬೇಡಿ. ಉದ್ಯಾನದಿಂದ ಕಲ್ಲು ಒಯ್ಯುವುದು ಕಾನೂನುಬಾಹಿರ.

ಹಲಗೆದಾರಿಯಿಂದಲೇ ಕುಳಿಯೊಳಕ್ಕೆ ಇಣುಕಬೇಕೆಂದರೆ ಮಿಡ್‌ವೇ ಬೇಸಿನ್‌ನ ಎಕ್ಸೆಲ್ಸಿಯರ್. 1880ರ ದಶಕದಲ್ಲಿ 90 ಮೀಟರಿನಷ್ಟು ಎತ್ತರಕ್ಕೆ ಚಿಮ್ಮಿ ತನ್ನ ಕೊಳವೆಯನ್ನೇ ಒಡೆದುಕೊಂಡ ಗೀಸರ್ ಇದು. ಉಳಿದದ್ದು ಸುಮಾರು 60 ಮೀಟರ್ ಅಗಲ, 90 ಮೀಟರ್ ಉದ್ದದ ಹಳ್ಳ. ನಿಮಿಷಕ್ಕೆ 15,000 ಲೀಟರಿನಷ್ಟು ಬಿಸಿನೀರು ಅದರಿಂದ ನದಿಗೆ ಹರಿಯುತ್ತಲೇ ಇರುತ್ತದೆ. ಪಕ್ಕದ ಬಣ್ಣಬಣ್ಣದ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬುಗ್ಗೆ ನೋಡಲು ಬಂದವರು ಇದನ್ನು ದಾರಿಯ ಅಡ್ಡಿ ಎಂಬಂತೆ ದಾಟುತ್ತಾರೆ, ಅದು ಅನ್ಯಾಯ. ಬೆಳಗಿನ ಚಳಿಯಲ್ಲಿ ಹಬೆ ದಟ್ಟವಾಗಿ ಗೋಡೆಗಳೇ ಕಾಣುವುದಿಲ್ಲ, ಬಿಸಿಲೇರಿದ ಮೇಲೆ ಹೋಗಿ. ಪೋರ್ಕ್‌ಚಾಪ್ ನೋಡಲು ನಾರಿಸ್‌ನ ಬ್ಯಾಕ್ ಬೇಸಿನ್ ಸುತ್ತು, ಸುಮಾರು 2.4 ಕಿಲೋಮೀಟರ್. ಬಾಯಿಯ ಸುತ್ತ ಮಗುಚಿಬಿದ್ದ ಸಿಲಿಕಾ ಚಪ್ಪಡಿಗಳು ಇನ್ನೂ ಹಾಗೇ ಇವೆ.

ಬಿಸ್ಕಿಟ್ ಬೇಸಿನ್ ಸ್ಫೋಟದ ನಂತರ ಮುಚ್ಚಿತು, 2025ರಲ್ಲೂ ತೆರೆಯಲಿಲ್ಲ. ಬೇಸರ ಪಟ್ಟವರು ಬಹಳ, ಆದರೆ ನಿರ್ಧಾರ ಸರಿಯಾದದ್ದು. ಒಮ್ಮೆ ಸಿಡಿದ ಕೊಳದ ಕೊಳವೆ ವ್ಯವಸ್ಥೆ ಸ್ಥಿರವಾಗಲು ಸಮಯ ಬೇಕು, ಗೋಡೆ ಕುಸಿದು ಬಾಯಿ ಮತ್ತೆ ಮುಚ್ಚಿದರೆ ಇನ್ನೊಂದು ಸುತ್ತು ಶುರು. ಹೊಗುವ ಮುನ್ನ ಉದ್ಯಾನದ ಜಾಲತಾಣದಲ್ಲಿ ತೆರೆದ-ಮುಚ್ಚಿದ ದಾರಿಗಳ ಪುಟ ನೋಡಿ. ಪ್ರವೇಶ ವಾಹನಕ್ಕೆ 35 ಡಾಲರ್, 7 ದಿನಕ್ಕೆ. ಅಮೆರಿಕದ ನಿವಾಸಿಗಳಲ್ಲದ 16 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ 2026ರಿಂದ ವಾರ್ಷಿಕ ಪಾಸ್ ಇಲ್ಲದಿದ್ದರೆ ತಲೆಗೆ 100 ಡಾಲರ್ ಹೆಚ್ಚುವರಿ.

ಅಪಾಯದ ಲೆಕ್ಕವನ್ನೂ ಸರಿಯಾದ ತಕ್ಕಡಿಯಲ್ಲಿ ತೂಗಬೇಕು. ಕೆಲವು ಮೀಟರ್ ಅಗಲದ ಕುಳಿ ಮಾಡುವ ಸ್ಫೋಟ ಯೆಲ್ಲೋಸ್ಟೋನಿನಲ್ಲಿ ವರ್ಷಕ್ಕೆ ಒಂದೆರಡು ಆಗುತ್ತದೆ, ಹೆಚ್ಚಿನವು ಜನ ಓಡಾಡದ ಕಡೆ. ನೂರು ಮೀಟರ್ ಮೀರಿದವು ಸರಾಸರಿ 700 ವರ್ಷಕ್ಕೊಂದು. ಇಲ್ಲಿ ಇಂಥ ಸ್ಫೋಟದಿಂದ ಸತ್ತವರ ದಾಖಲೆ ಇಲ್ಲ. ಆದರೆ ಬಿಸಿನೀರಿಗೆ ಬಿದ್ದು, ತೆಳು ಪದರದ ಮೇಲೆ ಕಾಲಿಟ್ಟು ಸತ್ತವರು 20ಕ್ಕೂ ಹೆಚ್ಚು. ಹಾಗಾಗಿ ಹಲಗೆದಾರಿ ಬಿಟ್ಟು ಇಳಿಯದಿರುವುದು ಎಲ್ಲ ಉಪಕರಣಗಳಿಗಿಂತ ದೊಡ್ಡ ರಕ್ಷಣೆ. ಕೊಳ ಸಿಡಿದದ್ದೇ ಕಂಡರೆ ಫೋನ್ ಎತ್ತಿ ನಿಲ್ಲಬೇಡಿ. ಮೇಲೆ ಹೋದ ಕಲ್ಲು ಕೆಳಗೆ ಬರಲು ಕೆಲವೇ ಸೆಕೆಂಡು. ಹಲಗೆದಾರಿಯ ಮೇಲೇ ದೂರಕ್ಕೆ ನಡೆಯಿರಿ, ಅಡ್ಡದಾರಿ ಹಿಡಿಯಬೇಡಿ, ಆಕಾಶದ ಮೇಲೆ ಒಂದು ಕಣ್ಣಿರಲಿ.

ಅಂಕ ಕೊಡುವುದಾದರೆ ದಾಖಲೆ ಮತ್ತು ವಿವರಣೆಗೆ ಐದಕ್ಕೆ ಐದು, ಕುಳಿಗಳನ್ನು ತೋರಿಸುವ ದಾರಿಗೆ ಮೂರೂವರೆ. ಮುನ್ನೆಚ್ಚರಿಕೆಗೆ ಅಂಕ ಇಲ್ಲ: ಅದನ್ನು ಕೊಡುತ್ತೇವೆಂದು ಅವರು ಹೇಳಿಯೇ ಇಲ್ಲ.